ಒಂಬತ್ತನೇ ಒಪ್ಪಂದ

ಎಲ್ಲಕ್ಕೂ ಕಾರಣ ಒಂದು ಹಳದಿ ಎಲೆ. ಮೊರದಷ್ಟು ಅಗಲದ ಆ ಎಲೆ ಬೆಳಿಗ್ಗೆ ಒಂಬತ್ತೂಕಾಲಿಗೆ, ಹೆಂಡತಿ ಕೆಲಸಕ್ಕೆಂದು ಲಿಫ್ಟ್ ಹತ್ತಿದ ಐದೇ ನಿಮಿಷಕ್ಕೆ, ತೊಟ್ಟು ಕಳಚಿ ತೊಪ್ಪೆಂದು ನೆಲಕ್ಕೆ ಬಿತ್ತು. ಕನ್ನಡಕದವನು ಓಡಿಬಂದು ಅದನ್ನು ಎತ್ತಿಕೊಂಡ. ಲಾಟರಿ ಹೊಡೆದವನು ಚೀಟಿ ನೋಡುವ ಹಾಗೆ ಆ ಕಡೆ ಈ ಕಡೆ ತಿರುಗಿಸಿ ನೋಡಿದ. ಆಮೇಲೆ ಎದೆಗೊತ್ತಿಕೊಂಡ.

ಕನ್ನಡಕದವನು ಅಂದರೆ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು. ವಾರಕ್ಕೆ ಆರು ದಿನ ನಿಂತೇ ಇರುತ್ತಾನೆ. ‘ಈ ಸಾಲು ಕಾಣುತ್ತಾ, ಇದು ಚೆನ್ನಾಗಿದೆಯೋ ಮೊದಲಿಂದು ಚೆನ್ನಾಗಿತ್ತೋ’ ಎಂದು ಊರವರ ಕಣ್ಣನ್ನೆಲ್ಲ ನೆಟ್ಟಗೆ ಮಾಡುತ್ತಾನೆ, ಸ್ವಂತ ಮೂಗಿನ ಕೆಳಗೆ ನಡೆಯುವುದು ಮಾತ್ರ ಕಾಣುವುದಿಲ್ಲ. ಅಂಥವನಿಗೆ ಈ ಜನ್ಮದಲ್ಲಿದ್ದ ಆಸೆ ಒಂದೇ. ಸಂಜೆ ಮನೆಗೆ ಬಂದು, ಅಪ್ಪ ಬಿಟ್ಟುಹೋದ ಆರಾಮಕುರ್ಚಿಯನ್ನು ಹಾಲಿನ ಕಿಟಕಿ ಮೂಲೆಯಲ್ಲಿ ಬಿಡಿಸಿ, ಕಾಲು ಚಾಚಿ, ಬೀದಿ ನೋಡುತ್ತ ಅರ್ಧ ಗಂಟೆ ಬಿದ್ದಿರುವುದು. ಅಷ್ಟೇ. ಆ ಕುರ್ಚಿ ಎರಡು ವರ್ಷದಿಂದ ವಾಷಿಂಗ್ ಮೆಷಿನ್ನಿನ ಹಿಂದೆ, ಮಡಿಸಿದ ಕೊಡೆಯ ಹಾಗೆ ಗೋಡೆಗೆ ಒರಗಿತ್ತು. ಏಕೆಂದರೆ ಕಿಟಕಿಯ ಮೂಲೆಯಲ್ಲಿ ದೊರೆ ಇದ್ದ.

ದೊರೆ ಎಂಬುದು ಗಿಡ. ಹೆಸರಿಟ್ಟವಳು ಹೆಂಡತಿ. ಅವಳಿಗೆ ಹಲ್ಲಿನ ದವಾಖಾನೆಯ ಮುಂದಿನ ಮೇಜಿನಲ್ಲಿ ಕೂತು ಬಂದವರ ಹೆಸರು ಬರೆದುಕೊಳ್ಳುವ ಕೆಲಸ. ಒಳಗೆ ಹಲ್ಲು ಕೀಳಿಸಿಕೊಳ್ಳುವವರು ಒದರುತ್ತಿದ್ದರೆ ಇವಳು ಹೊರಗೆ ಮೊಬೈಲಿನಲ್ಲಿ ಕಂಡವರ ಮನೆಯ ಚಿತ್ರ ನೋಡುತ್ತಿರುತ್ತಾಳೆ. ಹಾಗೆ ನೋಡಿ ನೋಡಿ ಒಂದು ದಿನ, ಮನೆ ಉಸಿರಾಡಬೇಕು ಎಂದು ತೀರ್ಮಾನಿಸಿದಳು. ಎರಡು ಕೋಣೆಯ ಮನೆಗೆ ಎಂಬತ್ತಮೂರು ಗಿಡ ಬಂದವು. ಈಗ ಮನೆ ಚೆನ್ನಾಗಿಯೇ ಉಸಿರಾಡುತ್ತಿತ್ತು, ಗಂಡ ಹೆಂಡಿರಿಗೆ ಉಸಿರಾಡಲು ಜಾಗ ಇರಲಿಲ್ಲ. ಪುಸ್ತಕಗಳು ಮಂಚದ ಕೆಳಗೆ ಹೋಗಿ ಕಪಾಟಿಗೆ ಕುಂಡಗಳು ಬಂದಿದ್ದವು. ಬಚ್ಚಲಲ್ಲಿ ತೂಗುಬಿಟ್ಟ ಬಳ್ಳಿಯಿಂದಾಗಿ ಕನ್ನಡಕದವನು ಕಳ್ಳನ ಹಾಗೆ ಬಗ್ಗಿಕೊಂಡೇ ಸ್ನಾನ ಮಾಡಬೇಕು.

ಅವನೇನು ಪಾಪದವನು ಅಂದುಕೊಳ್ಳಬೇಡಿ. ನೆಂಟರು ಬಂದು ಆಹಾ ಎಂದರೆ ಹೆಂಡತಿಗಿಂತ ಮುಂಚೆ ಇವನೇ ಬಾಯಿ ಹಾಕುತ್ತಿದ್ದ. ಈ ಗೋಡೆ ಅವಳ ಆಯ್ಕೆ, ಆ ಗೋಡೆ ನನ್ನ ಆಯ್ಕೆ, ನಮ್ಮಲ್ಲಿ ಎಲ್ಲ ಸಮಪಾಲು ಎಂದು ಬೀಗುತ್ತಿದ್ದ. ಅವನ ಆಯ್ಕೆ ಎನ್ನುವ ಗೋಡೆಗೆ ಮೊಳೆ ಹೊಡೆಯುವಾಗ ಏಣಿ ಹಿಡಿದದ್ದು ಬಿಟ್ಟರೆ ಅವನದೇನೂ ಇಲ್ಲ.

ಈ ಸಮಪಾಲಿನ ದಾಖಲೆ ಫ್ರಿಜ್ಜಿನ ಬಾಗಿಲ ಮೇಲಿತ್ತು. ಜಗಳ ಆದಾಗಲೆಲ್ಲ ಒಂದು ಒಪ್ಪಂದ ಬರೆದು ಇಬ್ಬರೂ ಸಹಿ ಹಾಕಿ ಅಂಟಿಸುವುದು ಅವರ ಪದ್ಧತಿ. ಒದ್ದೆ ಟವೆಲ್ಲಿನದು ಮೂರನೆಯದು, ಗೊರಕೆಯದು ಆರನೆಯದು. ಒಂಬತ್ತನೆಯದು ಹೀಗಿತ್ತು: ‘ಕಿಟಕಿಯ ಮೂಲೆ ದೊರೆಯದು. ದೊರೆ ತಾನಾಗಿ ಸತ್ತರೆ ಮೂಲೆ ಕುರ್ಚಿಗೆ. ಯಾರಾದರೂ ಕೊಂದರೆ, ಕೊಂದವರ ಒಂದು ಸಾಮಾನು ಮನೆಯಿಂದ ಹೊರಕ್ಕೆ.’ ಆ ಮನೆಯಲ್ಲಿ ಕನ್ನಡಕದವನದು ಅಂತ ಇದ್ದದ್ದೇ ಒಂದು ಸಾಮಾನು.

ಅದಕ್ಕೇ ಹಳದಿ ಎಲೆ ಬಿದ್ದಾಗ ಅವನಿಗೆ ಅಷ್ಟು ಹಿಗ್ಗು. ಮೇಲೆ ನೋಡಿದರೆ ಇನ್ನೂ ಐದು ಎಲೆಗಳ ಅಂಚು ಸುಟ್ಟ ಹಪ್ಪಳದಂತಾಗಿದೆ. ದೊರೆ ತಾನಾಗಿಯೇ ಹೊರಟಿದ್ದಾನೆ. ಅಂಗಡಿಗೆ ಅಂದು ವಾರದ ರಜೆ, ಹೆಂಡತಿ ಬರುವುದು ಸಂಜೆ ಐದೂವರೆಗೆ. ಸುಮ್ಮನೆ ಒಂದು ನಿದ್ದೆ ಹೊಡೆದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಬುದ್ಧಿವಂತನಲ್ಲವೇ, ನಾಳೆ ಅವಳು ನೀವೇ ಕೊಂದಿದ್ದು ಎಂದುಬಿಟ್ಟರೆ ಏನು ಮಾಡುವುದು ಎಂದು ಯೋಚಿಸಿದ. ಸಾಕ್ಷಿ ಬೇಕು ಅನ್ನಿಸಿತು. ನೆಲಮಹಡಿಗೆ ಹೋಗಿ ಕಟ್ಟಡದ ಸಂಘದ ಕಾರ್ಯದರ್ಶಿಯನ್ನು ಕರೆತಂದ.

ಕಾರ್ಯದರ್ಶಿ ನಿವೃತ್ತ ಮನುಷ್ಯ. ಮನೆಯಲ್ಲಿ ಯಾರೂ ಅವನ ಮಾತು ಕೇಳುವುದಿಲ್ಲವಾದ್ದರಿಂದ ಇಡೀ ಕಟ್ಟಡಕ್ಕೆ ಮಾತು ಕೇಳಿಸುವ ಕೆಲಸ ಹಚ್ಚಿಕೊಂಡಿದ್ದ. ರಿಜಿಸ್ಟರು, ರಬ್ಬರ್ ಮೊಹರು ಎರಡನ್ನೂ ಹಿಡಿದೇ ಬಂದ. ಗಿಡಕ್ಕೆ ಎರಡು ಸುತ್ತು ಹಾಕಿ, ಸಹಜ ಸಾವು ಎಂದು ಬರೆದುಕೊಡಲು ಅಡ್ಡಿಯಿಲ್ಲ, ಆದರೆ ಇದು ಇನ್ನೂ ಸತ್ತಿಲ್ಲವಲ್ಲ, ತಿಳಿದವರ ಅಭಿಪ್ರಾಯ ಬೇಕು ಎಂದ. ಕನ್ನಡಕದವನು ಬೇಡ ಬೇಡ ಎನ್ನುತ್ತಿದ್ದಂತೆಯೇ ಎದುರು ಮನೆಯ ಬಾಗಿಲು ತಟ್ಟಿದ.

ಎದುರು ಮನೆಯಲ್ಲಿದ್ದದ್ದು ನರ್ಸಮ್ಮ. ಮೂವತ್ತನಾಲ್ಕು ವರ್ಷ ಆಸ್ಪತ್ರೆಯಲ್ಲಿ ದುಡಿದವಳು. ರೋಗಿಗಳಿಲ್ಲದೆ ಅವಳ ಕೈ ತುರಿಸುತ್ತಿತ್ತು. ಬಂದವಳೇ ಎಲೆ ಮಗುಚಿದಳು, ಕಾಂಡ ಹಿಚುಕಿದಳು, ಕುಂಡದಿಂದ ಒಂದು ಚಿಟಿಕೆ ಮಣ್ಣು ತೆಗೆದು ಮೂಗಿಗೆ ಹಿಡಿದಳು. ಮತ್ತೊಮ್ಮೆ ಹಿಡಿದಳು. ಅವಳ ಹುಬ್ಬು ಮೇಲೇರಿತು.

“ಇದರಲ್ಲಿ ಲವಂಗದ ವಾಸನೆ ಬರ್ತಿದೆ. ಯಾರೋ ಏನೋ ಹುಯ್ದಿದ್ದಾರೆ.”

ಇಬ್ಬರೂ ಕನ್ನಡಕದವನ ಕಡೆ ತಿರುಗಿದರು.

“ಏನಪ್ಪಾ, ನೀನೇನಾದ್ರೂ ಹಾಕಿದ್ಯಾ?”

“ನಾನು ನೀರೂ ಹಾಕಿಲ್ಲಮ್ಮ,” ಎಂದ ಅವನು. ಸತ್ಯವನ್ನೇ ಹೇಳಿದ.

“ಅದನ್ನೂ ಬರ್ಕೋತೀನಿ,” ಎಂದು ಕಾರ್ಯದರ್ಶಿ ಪೆನ್ನು ತೆಗೆದ.

ತನಗೂ ಇದಕ್ಕೂ ಸಂಬಂಧವಿಲ್ಲ ಎಂದು ಸಾಬೀತು ಮಾಡುವ ಭರದಲ್ಲಿ ಪುಣ್ಯಾತ್ಮ ಅವರಿಬ್ಬರನ್ನೂ ಅಡುಗೆಮನೆಗೆ ಕರೆದೊಯ್ದು ಒಂಬತ್ತನೇ ಒಪ್ಪಂದ ತೋರಿಸಿದ. ಕಾರ್ಯದರ್ಶಿ ಅದನ್ನು ತೀರ್ಪು ಓದುವವನಂತೆ ಗಟ್ಟಿಯಾಗಿ ಓದಿದ. ಓದಿ ಮುಗಿಸಿ, ಗಿಡ ಸತ್ತರೆ ಲಾಭ ಆಗೋದು ನಿಮಗೇ, ಬೆಳಿಗ್ಗೆಯಿಂದ ಮನೆಯಲ್ಲಿ ಇರೋದೂ ನೀವೇ, ನಿಮ್ಮ ಹೆಂಡತಿ ಬಂದು ಕೇಳಿದರೆ ನಾನು ಸುಳ್ಳು ಹೇಳುವವನಲ್ಲ ಎಂದ. ದೊರೆ ಈಗ ಸತ್ತರೆ ಅದು ಕೊಲೆ. ಕೊಲೆಯಾದರೆ ಕುರ್ಚಿ ಬೀದಿಗೆ. ಒಂಬತ್ತೂಕಾಲಿನಿಂದ ಯಾವ ಗಿಡ ಸಾಯಲೆಂದು ಹಾರೈಸುತ್ತಿದ್ದನೋ ಅದೇ ಗಿಡದ ಮುಂದೆ ಹನ್ನೊಂದು ಗಂಟೆಗೆ ಕೈಮುಗಿದು ನಿಂತ.

“ಹೇಗಾದ್ರೂ ಮಾಡಿ ಉಳಿಸಿಬಿಡಿ ನರ್ಸಮ್ಮ. ಐದೂವರೆ ಒಳಗೆ.”

ನರ್ಸಮ್ಮ ಸೆರಗು ಸಿಕ್ಕಿಸಿದಳು. ಬೇರಿನ ವಿಷ ತೊಳೆಯಬೇಕು, ಮಣ್ಣು ಬದಲಿಸಬೇಕು ಎಂದು ಅಪ್ಪಣೆಯಾಯಿತು. ಕನ್ನಡಕದವನು ಕಾಂಡ ಹಿಡಿದ, ಕಾರ್ಯದರ್ಶಿ ಕುಂಡ ಹಿಡಿದ, ಇಬ್ಬರೂ ಹಗ್ಗಜಗ್ಗಾಟಕ್ಕೆ ನಿಂತರು. ನರ್ಸಮ್ಮ ಪಕ್ಕದಲ್ಲಿ, ಇನ್ನೊಂಚೂರು, ಇನ್ನೊಂಚೂರು, ಬಂತು ಬಂತು ಎಂದು ಹೆರಿಗೆ ಮಾಡಿಸುತ್ತಿದ್ದಳು. ಬಂತು. ಬಂದ ರಭಸಕ್ಕೆ ಕುಂಡ ಕಾರ್ಯದರ್ಶಿಯ ಕೈ ತಪ್ಪಿ ಮೂರು ಹೋಳಾಯಿತು, ಮಣ್ಣೆಲ್ಲ ಬಿಳಿ ಜಮಖಾನೆಯ ಮೇಲೆ ಹರಡಿತು. ಹಿಂದಕ್ಕೆ ಬಿದ್ದ ಕನ್ನಡಕದವನ ಮೈಮೇಲೆ ದೊರೆ ಪೂರಾ ಪವಡಿಸಿದ.

ಬಚ್ಚಲಲ್ಲಿ ಷವರ್ ಬಿಟ್ಟು ಅದರಡಿ ಇವನನ್ನು ಬಟ್ಟೆ ಸಮೇತ ನಿಲ್ಲಿಸಿದರು. ಗಿಡವನ್ನು ತಬ್ಬಿ ಹಿಡಿದುಕೊಂಡು, ತೂಗುವ ಬಳ್ಳಿಯಡಿ ಬಗ್ಗಿಕೊಂಡು, ಅವನು ಮುಕ್ಕಾಲು ಗಂಟೆ ನಿಂತ. ಹೆಂಡತಿಯನ್ನು ಅಷ್ಟು ಹೊತ್ತು ಯಾವತ್ತೂ ತಬ್ಬಿರಲಿಲ್ಲ. ನರ್ಸಮ್ಮ ಒಂದೊಂದೇ ಬೇರನ್ನು ತಿಕ್ಕಿ ತೊಳೆದಳು. ಬಚ್ಚಲ ಕಿಂಡಿಗೆ ಮಣ್ಣು ಕಟ್ಟಿಕೊಂಡು ಕೆಂಪು ನೀರು ಹಾಲಿಗೆ ನುಗ್ಗಿ, ಜಮಖಾನೆಯ ಉಳಿದರ್ಧವನ್ನೂ ಮುಗಿಸಿತು. ಕಾರ್ಯದರ್ಶಿ ಸೋಫಾ ಹತ್ತಿ ನಿಂತು, ನೀರಿನ ದುರ್ಬಳಕೆ ಎಂದು ಅದನ್ನೂ ಬರೆದುಕೊಂಡ.

ಹೊಸ ಮಣ್ಣು ಎಲ್ಲಿಂದ ತರುವುದು? ಉಳಿದ ಎಂಬತ್ತೆರಡು ಕುಂಡದಿಂದ ಒಂದೊಂದು ಹಿಡಿ ತೆಗೆ ಎಂದಳು ನರ್ಸಮ್ಮ. ತೆಗೆದ. ಬಟ್ಟೆ ನೆನೆಸುವ ಟಬ್ಬಿಗೆ ತುಂಬಿ ದೊರೆಯನ್ನು ನೆಟ್ಟರೆ, ಆರಡಿ ಗಿಡ ಕುಡಿದವನಂತೆ ಎಡಕ್ಕೆ ಓಲಿತು. ಎತ್ತಿ ನಿಲ್ಲಿಸಿದರೆ ಬಲಕ್ಕೆ ಓಲಿತು. ಆಸರೆಗೆ ಗಟ್ಟಿ ಕೋಲು ಬೇಕು, ನಾಲ್ಕಾದರೂ ಬೇಕು ಎಂದಳು ನರ್ಸಮ್ಮ. ಆಗ ಗಂಟೆ ನಾಲ್ಕೂಕಾಲು. ಕಾರ್ಯದರ್ಶಿ ಮನೆಯೆಲ್ಲ ಕಣ್ಣಾಡಿಸಿ ವಾಷಿಂಗ್ ಮೆಷಿನ್ನಿನ ಹಿಂದೆ ಇಣುಕಿದ. ಅವನ ಮುಖ ಅರಳಿತು.

“ಅದು ಬೇಡ,” ಎಂದ ಕನ್ನಡಕದವನು. “ಅದು ನಮ್ಮಪ್ಪಂದು.”

“ಸ್ವಾಮಿ, ಗಿಡ ಸತ್ರೆ ಕುರ್ಚಿ ಪೂರ್ತಿ ಹೋಗುತ್ತೆ. ಈಗ ಬರೀ ಕೋಲು ಹೋಗುತ್ತೆ. ಕೋಲು ಬಡಗಿ ಮಾಡ್ಕೊಡ್ತಾನೆ. ಲೆಕ್ಕ ಹಾಕ್ಕೊಳ್ಳಿ.”

ಕನ್ನಡಕದವನು ಲೆಕ್ಕ ಹಾಕಿದ. ಸರಿಯಾಗಿಯೇ ಇದೆ ಅನ್ನಿಸಿತು. ಕುರ್ಚಿಯನ್ನು ಉಳಿಸಿಕೊಳ್ಳಲು ಕುರ್ಚಿಯನ್ನೇ ಕೊಯ್ಯಲು ಕೊಟ್ಟವನು ಈ ಲೋಕದಲ್ಲಿ ಇವನೊಬ್ಬನೇ ಇರಬೇಕು. ಬಟ್ಟೆ ಬಿಗಿದಿದ್ದ ಎರಡು ಕೋಲನ್ನು ಎಳೆದು ಒಂದು ತುದಿ ಚೂಪು ಮಾಡಿದರು. ಸಾಲಲಿಲ್ಲ. ಕೈಯಿಡುವ ಎರಡು ಹಲಗೆಗಳಿಗೆ ಕಾರ್ಯದರ್ಶಿ ತನ್ನ ಮನೆಯಿಂದ ಗರಗಸ ತಂದು ಇಟ್ಟ. ಇನ್ನೊಂದು ತುದಿ ಅಲುಗದಂತೆ ಹಿಡಿದುಕೊಂಡವನು ಕನ್ನಡಕದವನೇ. ಅಪ್ಪನ ಅಂಗೈ ಉಜ್ಜಿ ಉಜ್ಜಿ ನುಣುಪಾಗಿದ್ದ ಜಾಗ ಅದು. ಗರಗಸ ಅಲ್ಲಿಗೆ ಬಂದಾಗ ಕಣ್ಣು ಮುಚ್ಚಿಕೊಂಡ. ನರ್ಸಮ್ಮ ಕುರ್ಚಿಯ ಬಟ್ಟೆಯನ್ನು ಪರಪರ ಹರಿದು ಗಾಯಕ್ಕೆ ಪಟ್ಟಿ ಸುತ್ತುವಂತೆ ಕಾಂಡವನ್ನು ಕೋಲುಗಳಿಗೆ ಕಟ್ಟಿದಳು. ದೊರೆ ನೆಟ್ಟಗೆ ನಿಂತ.

ಐದೂವರೆಗೆ ಸರಿಯಾಗಿ ಲಿಫ್ಟಿನ ಬಾಗಿಲು ಸದ್ದು ಮಾಡಿತು. ಒಳಗೆ ಬಂದ ಹೆಂಡತಿಯ ಕೈಯಲ್ಲಿ ಒಂದು ಕಾಗದದ ಚೀಲವಿತ್ತು. ಕೆಸರಾದ ಜಮಖಾನೆಯನ್ನೂ ಒದ್ದೆ ಗಂಡನನ್ನೂ ದಾಟಿ ಅವಳ ನೋಟ ಕಿಟಕಿಯ ಮೂಲೆಗೆ ಹೋಯಿತು. ಕನ್ನಡಕದವನು ಬಹುಮಾನಕ್ಕೆ ಕಾಯುವ ಹುಡುಗನಂತೆ ನಿಂತಿದ್ದ. ನರ್ಸಮ್ಮ, ಯಾರೋ ವಿಷ ಹಾಕಿದ್ದರಮ್ಮ, ನಿನ್ನ ಗಂಡ ಜೀವ ಒತ್ತೆಯಿಟ್ಟು ಉಳಿಸಿದ ಎಂದಳು.

ಹೆಂಡತಿ ಸೋಫಾದ ಮೇಲೆ ಕುಸಿದಳು.

“ಉಳಿಸಿಬಿಟ್ರಾ?” ಎಂದಳು. “ಮೂರು ವಾರದಿಂದ ದಿನಾ ದವಾಖಾನೆಯಿಂದ ಬಾಯಿ ಮುಕ್ಕಳಿಸೋ ಔಷಧಿ ತಂದು ಹುಯ್ತಿದ್ದೆ ಕಣ್ರೀ. ಇವತ್ತೋ ನಾಳೆಯೋ ಅಂತಿತ್ತು.”

ಮೂರು ವಾರದಿಂದ ಆ ಲವಂಗದ ವಾಸನೆ ಅವಳ ಕೈಯಲ್ಲೇ ಇತ್ತು. ಒಂದೇ ಮನೆಯಲ್ಲಿ ಮಲಗುವ ಗಂಡನಿಗೆ ಗೊತ್ತಾಗಿರಲಿಲ್ಲ. ಯಾಕೆ ಎಂದು ಅವನು ಕೇಳುವಷ್ಟರಲ್ಲಿ ಅವಳೇ ಹೇಳಿದಳು. ದೊಡ್ಡ ಎಲೆಯ ಗಿಡ ಈಗ ಕಂಡಕಂಡವರ ಮನೆಯಲ್ಲೆಲ್ಲ ಇದೆಯಂತೆ, ಹಳತಾಯಿತಂತೆ. ಎರಡು ವರ್ಷ ಹಟ ಹಿಡಿದು ಇಟ್ಟುಕೊಂಡದ್ದನ್ನು ತಾನೇ ತೆಗೆಸಿದರೆ ಗಂಡನ ಮುಂದೆ ಸೋತ ಹಾಗಾಗುತ್ತದಂತೆ. ತಾನಾಗಿ ಸತ್ತರೆ ಮರ್ಯಾದೆ ಉಳಿಯುತ್ತದಲ್ಲ.

“ಈಗೆಲ್ಲ ಏನಿದ್ರೂ ಹಳೇ ಮರದ ಕುರ್ಚಿ,” ಎನ್ನುತ್ತ ಮೊಬೈಲು ತೋರಿಸಿದಳು. ಯಾರದೋ ಮನೆ, ಯಾವುದೋ ಕಿಟಕಿ, ಅದರ ಮುಂದೆ ಥೇಟ್ ಅವನಪ್ಪನದೇ ಎನ್ನುವಂಥ ಆರಾಮಕುರ್ಚಿ. “ನಾಳೆ ನಮ್ಮ ದವಾಖಾನೆ ಡಾಕ್ಟರ ಹೆಂಡತಿ ನೋಡೋಕೆ ಬರ್ತಿದ್ದಾರೆ. ನಮ್ಮ ಮಾವನವರ ಕುರ್ಚಿ, ಅಪರೂಪದ್ದು ಅಂತ ಹೇಳಿಟ್ಟಿದ್ದೀನಿ. ಎಲ್ಲಿ, ತನ್ನಿ ಅದನ್ನ.”

ಕಾರ್ಯದರ್ಶಿ ರಿಜಿಸ್ಟರು ಮುಚ್ಚಿ ಕಂಕುಳಿಗೆ ಸಿಕ್ಕಿಸಿಕೊಂಡ. ಕನ್ನಡಕದವನು ದೊರೆಗೆ ಕಟ್ಟಿದ್ದ ನಾಲ್ಕು ಆಸರೆಗಳ ಕಡೆ ಬೆರಳು ತೋರಿಸಿದ. ಅವಳು ನಾಲ್ಕನ್ನೂ ಮುಟ್ಟಿ ನೋಡಿದಳು. ಆಮೇಲೆ ಕಾಗದದ ಚೀಲ ಬಿಚ್ಚಿ ಒಂದು ಪುಟ್ಟ ಕುಂಡ ತೆಗೆದು ಮೇಜಿನ ಮೇಲಿಟ್ಟಳು.

“ಇದೇನಿದು?” ಎಂದ ಅವನು.

“ಕುರ್ಚಿ ಮೇಲೆ ಇಡೋಕೆ.”

“ಮತ್ತೆ ನಾನು ಎಲ್ಲಿ ಕೂತ್ಕೊಳ್ಳೋದು?”

“ಅಂಥಾ ಕುರ್ಚಿ ಮೇಲೆ ಯಾರಾದ್ರೂ ಕೂತ್ಕೋತಾರೇನ್ರೀ? ಅದು ನೋಡೋಕೆ.”

ನರ್ಸಮ್ಮ ಮಾತ್ರ ತನ್ನ ರೋಗಿಯನ್ನು ಬಿಟ್ಟು ಕದಲಲಿಲ್ಲ. ಆರು ತಿಂಗಳು ಜೋಪಾನ, ದಿನಾ ಸಂಜೆ ಅರ್ಧ ಗಂಟೆ ಯಾರಾದರೂ ಪಕ್ಕದಲ್ಲೇ ಕೂತು ಎಲೆ ಒರೆಸಬೇಕು, ಇಲ್ಲದಿದ್ದರೆ ಉಳಿಯುವುದಿಲ್ಲ ಎಂದು ಹೇಳಿ ಹೋದಳು. ಗಿಡಕ್ಕೆ ಔಷಧಿ ಹುಯ್ದವಳು ಯಾರೆಂದು ಈಗ ಎದುರು ಮನೆಗೂ ನೆಲಮಹಡಿಗೂ ಗೊತ್ತಾಗಿರುವಾಗ, ಇನ್ನು ಅದು ಸತ್ತರೆ ಹೆಂಡತಿಯ ಮಾನ ಹೋಗುತ್ತದೆ. ಹಾಗಾಗಿ ಆ ಸಂಜೆಯೇ ಫ್ರಿಜ್ಜಿನ ಮೇಲೆ ಹತ್ತನೇ ಒಪ್ಪಂದ ಏರಿತು. ಗಂಡನೂ ಸಹಿ ಹಾಕಿದ. ಕಾರ್ಯದರ್ಶಿಯ ಮೊಹರೂ ಬಿತ್ತು.

ಈಗ ಕನ್ನಡಕದವನಿಗೆ ದಿನಾ ಸಂಜೆ ಕಿಟಕಿಯ ಮೂಲೆ ಸಿಗುತ್ತದೆ, ಅರ್ಧ ಗಂಟೆ. ಬೋರಲು ಹಾಕಿದ ಬಕೀಟಿನ ಮೇಲೆ ಮೊಣಕಾಲು ಮಡಚಿ ಕೂತು, ಅಂಗಡಿಯಿಂದ ತಂದ ಕನ್ನಡಕ ಒರೆಸುವ ಬಟ್ಟೆಯಲ್ಲಿ ಒಂದೊಂದೇ ಎಲೆ ಒರೆಸುತ್ತಾನೆ. ಬೀದಿ ಕಾಣುವುದಿಲ್ಲ, ಎಲೆ ಅಡ್ಡ ಬರುತ್ತದೆ. ದೊರೆ ಮಾತ್ರ ಅಪ್ಪನ ಕುರ್ಚಿಗೆ ಒರಗಿ, ಹೊಸದಾಗಿ ಬಂದ ಎರಡು ಎಲೆಗಳನ್ನು ಕಿಟಕಿಯಾಚೆ ಚಾಚಿಕೊಂಡು ಹಾಯಾಗಿದ್ದಾನೆ.