ನಡುನೀರಿನ ಕಾಯಿದೆ

ಹೆಂಡತಿಯ ಮುನಿಸಿಗೆ ಹೊಲಿಗೆ ಯಂತ್ರವೇ ಮದ್ದು ಎಂದು ಸಿಂದಗಿಯ ಸಿದ್ದಾರೂಢನಿಗೆ ತಿಳಿದದ್ದು ಅವಳು ತವರಿಗೆ ಹೋಗಿ ಕುಳಿತ ಮೇಲೆ. "ಮಷಿನ್ ತಂದ್ರ ಬರ್ತೇನಿ, ಇಲ್ಲಂದ್ರ ಇಲ್ಲ" ಎಂದು ಭಾಗ್ಯಜ್ಯೋತಿ ಹೇಳಿ ಕಳಿಸಿದ್ದಳು. ವಿಮಾ ಏಜೆಂಟ ಸಿದ್ದಾರೂಢ ಊರಿಗೆಲ್ಲ ನಷ್ಟದ ಭಯ ಹುಟ್ಟಿಸಿ ಬದುಕುವವನು. ತಾನೇ ಸುಟ್ಟ ರೊಟ್ಟಿ ತಿಂದೂ ತಿಂದೂ ಈಗ ಅವನಿಗೇ ಭಯ ಹುಟ್ಟಿತ್ತು. ಹೊಸ ಯಂತ್ರ ಕೊಂಡ. ಬಸ್ಸಿನ ಸುತ್ತುದಾರಿ ಬಿಟ್ಟು, ದೇವಣಗಾಂವದ ಹತ್ತಿರ ಭೀಮಾ ನದಿ ದಾಟಿ ಆಚೆ ದಡದ ಮಾವನ ಊರು ಸೇರಲು ಇಬ್ರಾಹಿಂಸಾಬನ ದೋಣಿ ಹತ್ತಿದ.

ದೋಣಿಯಲ್ಲಿ ಇಂಡಿ ಊರಿನ ಶೇವಂತೆವ್ವ ಸಂತೆಗೆ ಒಯ್ಯುತ್ತಿದ್ದ ಐದು ಚೀಲ ನಿಂಬೆಹಣ್ಣು, ನಿವೃತ್ತ ಮಾಸ್ತರ ಗುರಲಿಂಗಪ್ಪನವರ ತೂತು ಕೊಡೆ, ಬಾಳಮ್ಮನ ಖಾಲಿ ಬುಟ್ಟಿ ಇದ್ದವು. ನಡುನೀರಿಗೆ ಬರುವಷ್ಟರಲ್ಲಿ ಮೇಲೆಲ್ಲೋ ಸುರಿದ ಮಳೆಯ ಹೊಸ ನೀರು ನುಗ್ಗಿತು. ದೋಣಿ ಕುಡಿದವನಂತೆ ತೂರಾಡಿತು.

"ಭಾರ ಇಳಸ್ರಿ! ಮೊದಲ ಆ ಕಬ್ಬಣ ಒಗೀರಿ!" ಇಬ್ರಾಹಿಂಸಾಬ ಕೂಗಿದ.

ಸಿದ್ದಾರೂಢ ಯಂತ್ರವನ್ನು ಹರಕೆಯ ಕೂಸಿನಂತೆ ಅಪ್ಪಿಕೊಂಡ. ತರಬೇತಿಯಲ್ಲಿ ತೂಕಡಿಸುತ್ತ ಕೇಳಿದ ಪಾಠ ಆ ಸಂಕಟದಲ್ಲಿ ನೆನಪಾಯಿತು.

"ತಡೀರಿ! ಹಡಗಿನವ್ರದೊಂದು ಕಾಯಿದೆ ಐತಿ. ಎಲ್ಲಾರ ಸಲುವಾಗಿ ಒಬ್ಬರ ಮಾಲು ನೀರಿಗೆ ಒಗದ್ರ ಆ ನಷ್ಟ ಅವರೊಬ್ಬರದಲ್ಲ. ಯಾರ್‍ಯಾರದು ಉಳೀತೈತಿ, ಅವ್ರೆಲ್ಲ ಉಳಿದದ್ದರ ಬೆಲಿ ಪ್ರಕಾರ ಹಂಚಿಕೊಂಡು ತುಂಬಿ ಕೊಡಬೇಕು. ಯಕ್ಕಾ, ಧೈರ್ಯ ಮಾಡಿ ಚೀಲಾ ಒಗೀರಿ!"

"ಖರೇನ ತಮ್ಮಾ?" ಎಂದಳು ಶೇವಂತೆವ್ವ.

"ನನ್ನ ಹೆಂಡ್ತಿ ಆಣಿ!"

ಐದೂ ಚೀಲ ನೀರಿಗೆ ಬಿದ್ದವು. ದೋಣಿ ಹಗುರಾಗಿ, ತಿಣುಕುತ್ತ ದಡ ಮುಟ್ಟಿತು. ಶೇವಂತೆವ್ವ ಸಿದ್ದಾರೂಢನ ಕೈ ಹಿಡಿದು ಅತ್ತಳು: "ನಿನ್ನ ಹೊಟ್ಟಿ ತಣ್ಣಗಿರ್ಲಿಪಾ, ಎಲ್ಲಾರ ಜೀವ ಉಳಿಸ್ದಿ." ಅವನಿಗೂ ನಿಜವಾಗಿಯೇ ಕಣ್ಣು ತುಂಬಿತು. ಮಷಿನ್ ಬರುವ ಸುದ್ದಿ ತಿಳಿದು ದಡದಲ್ಲಿ ಕಾಯುತ್ತಿದ್ದ ಭಾಗ್ಯಜ್ಯೋತಿ ಎದೆಯುಬ್ಬಿಸಿ ಗಂಡನನ್ನು ನೋಡಿದಳು.

"ಇನ್ನ ಹಂಚಿಕಿ ಮಾಡೋಣು" ಎಂದರು ಮಾಸ್ತರರು. ಅವರ ಕೊಡೆಗೆ ಬೆಲೆ ಇರಲಿಲ್ಲ. ಬಾಳಮ್ಮನ ಬುಟ್ಟಿಗೆ ತಳವಿರಲಿಲ್ಲ. ದೋಣಿಯ ತುಂಬ ತೇಪೆ. "ಇದಕ್ಕ ಬೆಲಿ ಕಟ್ಟಿದ್ರ ನನಗ ನಾಚಿಕಿ ಬರ್ತೈತ್ರಿ" ಎಂದ ಇಬ್ರಾಹಿಂಸಾಬ. ಎಲ್ಲರ ಕಣ್ಣೂ ಬಿಸಿಲಿಗೆ ಥಳಥಳಿಸುತ್ತಿದ್ದ ಯಂತ್ರದ ಮೇಲೆ ಬಿದ್ದವು.

"ಹಂಗಲ್ರಿ..." ಸಿದ್ದಾರೂಢ ತೊದಲಿದ.

"ನನ್ನ ಆಣಿ ಮಾಡೀರಂತಲ್ಲ" ಎಂದಳು ಭಾಗ್ಯಜ್ಯೋತಿ, ತಣ್ಣಗೆ.

ಯಂತ್ರ ಕೊಂಡು ಸಿದ್ದಾರೂಢನ ಜೇಬು ಖಾಲಿಯಾಗಿತ್ತು; ನಿಂಬೆಯ ಬದಲಿಗೆ ಯಂತ್ರವೇ ಶೇವಂತೆವ್ವನದಾಯಿತು. "ಮುಂದ ಆ ಚೀಲ ಸಿಕ್ರ ಯಾರವು?" ಎಂದು ಮಾಸ್ತರರು ಕೇಳಿದರು. ಹೋದ ಮಾನದಲ್ಲಿ ಚೂರಾದರೂ ಉಳಿಯಲೆಂದು ಸಿದ್ದಾರೂಢ ಗತ್ತಿನಿಂದ ಹೇಳಿದ: "ನಷ್ಟ ತುಂಬಿ ಕೊಟ್ಟವನವು! ಒಬ್ಬರಿಗೆ ಎರಡೆರಡು ಸಲ ಸಿಗಬಾರ್ದು ನೋಡ್ರಿ."

ಭಾಗ್ಯಜ್ಯೋತಿಗೆ ಕರುಳು ಚುರ್ ಎಂದಿತು. "ಜೀವಂತ ಬಂದ್ರಲ್ಲ, ನನಗದ ಸಾಕು. ಮಷಿನ್ ಹೋದ್ರ ಹೋಗ್ಲಿ, ನಡೀರಿ ಮನಿಗೆ." ಸಿದ್ದಾರೂಢ ಭೀಮಾತಾಯಿಗೆ ಕೈ ಮುಗಿದ.

ಕೈ ಮುಗಿದದ್ದು ತಪ್ಪಾಯಿತೋ ಏನೋ. ಕೆಳಗಡೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೂಗಿದರು. ನಿಂಬೆ ಮುಳುಗುತ್ತದೆಯೇ? ಐದೂ ಚೀಲ ತೇಲಿ ದಡಕ್ಕೆ ತಾಗಿದ್ದವು.

"ಯಕ್ಕಾ, ನಿಮ್ಮ ಹಣ್ಣು ನೀವು ತಗೋರಿ, ಮಷಿನ್ ಕೊಡ್ರಿ!"

"ಛೇ, ಬ್ಯಾಡಪಾ. ನಮ್ಮ ಜೀವ ಉಳಿಸಿದ ಕಾಯಿದೆ ಮುರೀಬಾರ್ದು" ಎಂದು ಶೇವಂತೆವ್ವ ಭಕ್ತಿಯಿಂದ ಯಂತ್ರ ಹೊರಿಸಿಕೊಂಡು ಹೊರಟಳು. ಮಿಕ್ಕವರು ಉಪಕಾರಕ್ಕೆಂದು ಚೀಲಗಳನ್ನು ಹೊತ್ತು ಅವನ ಮಾವನ ಮನೆಯ ಅಂಗಳಕ್ಕೇ ಹಾಕಿದರು.

ಭಾಗ್ಯಜ್ಯೋತಿ ಸೆರಗು ಸಿಕ್ಕಿಸಿದಳು. "ಇಷ್ಟು ಹಣ್ಣು ಕೊಳಸೂದು ಪಾಪರಿ. ಅವ್ವನ ಕೂಡಿ ಉಪ್ಪಿನಕಾಯಿ ಹಾಕ್ತೇನಿ. ಅದು ಮಾಗಬೇಕು, ಮಂದಿಗೆ ಹಂಚಬೇಕು. ದೀಪಾವಳಿ ಕಳದ ಮ್ಯಾಲೆ ಕರ್‍ಯಾಕ ಬರ್ರಿ."

ಬರಿಗೈಯಲ್ಲಿ ದಡಕ್ಕೆ ಮರಳಿದ ಸಿದ್ದಾರೂಢನನ್ನು ಕಂಡು ಇಬ್ರಾಹಿಂಸಾಬ ಎದ್ದು ನಿಂತು ಸಲಾಮು ಹೊಡೆದ.

"ಬರ್ರಿ ಸಾಹೇಬ್ರ. ನಿಮ್ಮ ಉಪಕಾರ ತೀರಸಾಕ ಆಗೂದಿಲ್ಲ. ಒಬ್ಬರ ಹೊಂಟೀರಿ, ಬಾಡಿಗಿ ಬ್ಯಾಡ್ರಿ."