ಆನೆ ತಂದ ಒಡಂಬಡಿಕೆ

ಬಹಳ ಹಿಂದೆ, ಮರಗಳಿಗಿಂತ ಸಮಿತಿಗಳೇ ಹುಲುಸಾಗಿ ಬೆಳೆಯುತ್ತಿದ್ದ ಕಾಲದಲ್ಲಿ, ಗಂಭೀರಾವತಿ ಎಂಬ ಒಂದು ರಾಜ್ಯವಿತ್ತು. ಅಲ್ಲಿನ ವಿಶ್ವವಿದ್ಯಾಲಯವು ಕುಮುದೆ ಎಂಬ ಪದವೀಧರೆಯನ್ನು 'ಸಮುದಾಯ ಸಂಪರ್ಕಾಧಿಕಾರಿ'ಯಾಗಿ ನೇಮಿಸಿದ ದಿನ ಆಕೆ ತನ್ನ ದಿನಚರಿಯಲ್ಲಿ, 'ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡಲೂ ನಾಚುವವಳು ನಾನು, ಯಾರನ್ನು ಸಂಪರ್ಕಿಸಲಿ?' ಎಂದು ಬರೆದುಕೊಂಡಳು. ಆಕೆಯನ್ನು ಆರಿಸಿದ್ದೇ ಆ ಅರ್ಹತೆಗಾಗಿ ಎಂಬುದು ಪಾಪ, ಆಕೆಗೆ ತಿಳಿದಿರಲಿಲ್ಲ.

ವಿಷಯ ಇಷ್ಟೇ. ಮಹಾರಾಜ ವಿಜಯಘಂಟ ಭೂಪಾಲರು ಯುದ್ಧವೇ ನಡೆಯದ ವರ್ಷದಲ್ಲಿ ವಿಜಯೋತ್ಸವ ಆಚರಿಸಿದಾಗ ಪಟ್ಟದಾನೆ ಶಾಂತಿಸಾಗರ ಕುಂಬಾರಗೇರಿಗೆ ನುಗ್ಗಿ, ಮಡಕೆ, ಗೋಡೆ ಒಂದನ್ನೂ ಬಿಡದೆ ತುಳಿದುಹೋಗಿತ್ತು. ಅಂದಿನಿಂದ ಆನೆಗಂಟೆ ಕೇಳಿದರೆ ಸಾಕು, ಇಡೀ ಕೇರಿ ಮಂಚದಡಿ ಸೇರುತ್ತಿತ್ತು. ಕುಮುದೆಯ ಚಿಕ್ಕಮ್ಮ ಮಾಳವ್ವ ಸೀಮೆಗೇ ಹೆಸರಾದ ಕುಂಬಾರಗಿತ್ತಿ. ಈಗ ತಿಗರಿಯ ಮುಂದೆ ಕೂತರೆ ಕೈ ನಡುಗಿ ಮಡಕೆಯ ಬಾಯಿ ಸೊಟ್ಟಗಾಗುತ್ತಿತ್ತು.

"ಪ್ರಜೆಗಳ ಮನಸ್ಸಿಗೆ ಗಾಯವಾಗಿದೆಯಂತೆ. ನಮಗೇಕೆ ಯಾರೂ ಅರುಹಲಿಲ್ಲ?" ಎಂದು ಮಹಾರಾಜರು ಗುಡುಗಿದರು.

"ತಮ್ಮ ಕೋಮಲ ಕರ್ಣಗಳಿಗೆ ನೋವಾದೀತೆಂದು, ಮಹಾಪ್ರಭು!" ಎಂದರು ಕುಲಪತಿ ವಾಗ್ಭೂಷಣರು. "ವಿಶ್ವವಿದ್ಯಾಲಯವೂ ಕುಂಬಾರಗೇರಿ ಮಹಿಳಾ ಸಂಘವೂ ಕೈಜೋಡಿಸಿ 'ಆಘಾತ-ಸಂವೇದಿ ಸಮುದಾಯ'ವನ್ನು ಕಟ್ಟಲಿವೆ. ಪಾಲುದಾರಿಕೆ, ಸಾಮರ್ಥ್ಯವರ್ಧನೆ, ಪವರ್‌ಪಾಯಿಂಟ್..."

"ಪವರ್ ನಮ್ಮಲ್ಲೇ ಉಳಿಯುತ್ತದೆ ತಾನೆ?"

"ಪಾಯಿಂಟ್ ಕೂಡ ತಮ್ಮದೇ, ಪ್ರಭು."

ರಾಜಮುದ್ರೆಯ ಒಡಂಬಡಿಕೆ ಆನೆಯ ಮೇಲೆಯೇ ಹೋಗಬೇಕೆಂಬುದು ಶಿಷ್ಟಾಚಾರ. ಆನೆಯೆಂದರೆ ಪಟ್ಟದಾನೆ. ಕುಮುದೆಯ ಮುಖ ಬಿಳಿಚಿದ್ದನ್ನು ಕಂಡು ಕುಲಪತಿಗಳು ಅಭಯವಿತ್ತರು: "ಹೆದರಬೇಡಮ್ಮ, ಶಾಂತಿಸಾಗರನಿಗೆ ಸಂವೇದನಾ ಕಾರ್ಯಾಗಾರ ಆಗಿದೆ. ಸರ್ಟಿಫಿಕೇಟೂ ಬಂದಿದೆ."

ಗಂಟೆ ಕೇಳಿಸಿತು. ಕೇರಿ ಮಂಚದಡಿ ಸೇರಿತು. ಸಂಘದ ಅಧ್ಯಕ್ಷೆ ಮಾಳವ್ವನ ಹೆಬ್ಬೆರಳನ್ನು ಅಲ್ಲಿಂದಲೇ ಎಳೆದು ಒಡಂಬಡಿಕೆಗೆ ಒತ್ತಿಸಿಕೊಳ್ಳಲಾಯಿತು. 'ಸಮುದಾಯವು ತಳಮಟ್ಟದಲ್ಲಿ ತೊಡಗಿಸಿಕೊಂಡಿದೆ' ಎಂದು ವರದಿ ಹೊರಬಿತ್ತು. ಆಮೇಲೆ ವಾರವಾರವೂ ಕುಲಪತಿಗಳು ಅಂಬಾರಿಯಿಂದಲೇ ತರಬೇತಿ ಕೊಟ್ಟರು.

"ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದುಕೊಳ್ಳಿ."

"ಆನೆ ಲದ್ದಿ ಹಾಕೈತೆ ಸ್ವಾಮಿ, ಹೆಂಗೆ ಎಳ್ಕಳಾದು?" ಎಂದಿತು ಮಂಚದಡಿಯ ಒಂದು ದನಿ.

ಮಾಳವ್ವ ಮಾತ್ರ ನಗಲಿಲ್ಲ. "ಅಷ್ಟು ದೊಡ್ಡೋರು ಬಂದು ಹೇಳ್ಕೊಟ್ರೂ ನನ್ನ ಕೈ ನಿಲ್ತಿಲ್ಲ ಕಣೇ ಕುಮುದಾ. ನಾನೇ ಕೆಟ್ಟೋಗಿವ್ನಿ. ಈ ತಿಗರಿ ಯಾರಿಗಾದ್ರೂ ಕೊಟ್ಬುಡ್ತೀನಿ" ಎಂದಳು. ಕುಮುದೆಗೆ ಹೇಳಬೇಕಾದದ್ದು ಗೊತ್ತಿತ್ತು. ಪಕ್ಕದಲ್ಲಿ ಕುಲಪತಿಗಳಿದ್ದರು. ನುಂಗಿಕೊಂಡಳು.

ಮೌಲ್ಯಮಾಪನ ನಡೆಯಿತು. ಭಯ ಕಡಿಮೆಯಾಗಿರಲಿಲ್ಲ. ಆನೆಯ ಭೇಟಿ ಸಾಲದಾಗಿದೆ ಎಂದು ತಜ್ಞರು ಒಮ್ಮತಕ್ಕೆ ಬಂದರು.

ಸಮಾರೋಪಕ್ಕೆ ಸ್ವತಃ ಮಹಾರಾಜರೇ ಚಿತ್ತೈಸಿದರು. ಶಾಂತಿಸಾಗರನಿಗೆ ಗೌರವ ಡಾಕ್ಟರೇಟ್ ಕೊಟ್ಟು, ತಲೆಗೆ ಕಿರೀಟ ಕಟ್ಟಿ, 'ನಿವಾಸಿ ಪ್ರಾಧ್ಯಾಪಕ'ನಾಗಿ ಕುಂಬಾರಗೇರಿಯಲ್ಲೇ ನೆಲೆಗೊಳಿಸಲಾಯಿತು. ಮಡಕೆ ಸುಡುವ ಆವಿಗೆಯ ಜಾಗದಲ್ಲಿ ಗಜಶಾಲೆ. ಮೇವು ಸಮುದಾಯದ ವಂತಿಗೆ. ಮೊದಲ ಕಂತಾಗಿ ಡಾಕ್ಟರರು ಮಾಳವ್ವನ ಮನೆಯ ಸೂರಿನ ಹುಲ್ಲನ್ನೇ ಕಿತ್ತು ಬಾಯಿಗಿಟ್ಟರು. ಸಭೆ ಚಪ್ಪಾಳೆ ತಟ್ಟಿತು.

ಮಾಳವ್ವ ನಡುಗುತ್ತಲೇ ವೇದಿಕೆಗೆ ಬಂದು ತಿಗರಿಯನ್ನು ಸಿಂಹಾಸನದ ಮುಂದೆ ಇಟ್ಟಳು. "ತಕ್ಕಳಿ ಬುದ್ಧಿ. ಕೆಟ್ಟ ಕೈಗೆ ಇದ್ಯಾಕೆ?"

"ಎಂಥ ಮಾಲೀಕತ್ವ ಭಾವನೆ!" ಎಂದು ಕುಲಪತಿಗಳು ಕಣ್ಣೊರೆಸಿಕೊಂಡು, ವಂದನಾರ್ಪಣೆಗೆ ಕುಮುದೆಯನ್ನು ಕರೆದರು.

ಆಕೆ ಮೈಕಿನ ಮುಂದೆ ಬಂದಳು. ಮಹಾರಾಜರಿಗೆ ಬೆನ್ನಾಯಿತೆಂಬ ಪರಿವೆಯೂ ಇಲ್ಲದೆ ಮಾಳವ್ವನ ಕಡೆ ತಿರುಗಿದಳು.

"ಚಿಕ್ಕಮ್ಮ, ನಿನ್ನ ಕೈ ಕೆಟ್ಟಿಲ್ಲ. ಆನೆ ಇನ್ನೂ ಇಲ್ಲೇ ಇದೆ."