ಮಾಳಿಗೆ ರೈಲ್ವೆಯ ಉಗಿ ಸುಧಾರಣೆ

ಸೋಲುವವರ ಪರ ನಿಲ್ಲುವುದು ನನ್ನ ಹುಟ್ಟುಗುಣ. ಚುನಾವಣೆಯಿರಲಿ, ಕಬಡ್ಡಿಯಿರಲಿ, ನಾನು ಯಾರ ಬೆನ್ನಿಗೆ ನಿಂತೆನೋ ಅವರು ಮಣ್ಣು ಮುಕ್ಕಿದಂತೆಯೇ ಲೆಕ್ಕ. ಅಂಥವನು, ಡೀಸೆಲ್ ಬಂದು ಉಗಿ ಎಂಜಿನ್ನನ್ನು ಮೂಲೆಗೆ ತಳ್ಳಿದ್ದನ್ನು ಸಹಿಸುತ್ತೇನೆಯೇ? ವಿಜ್ಞಾನದ ಮಾಸ್ತರಿಕೆಯಿಂದ ನಿವೃತ್ತನಾದದ್ದೇ ತಡ, ರಾಣೇಬೆನ್ನೂರಿನ ನಮ್ಮ ಮನೆಯ ಮಾಳಿಗೆ ಮೇಲೆ ಸುತ್ತಲೂ ಜೋಡಿ ಹಳಿ ಹಾಸಿ ಸ್ವಂತ ರೈಲ್ವೆ ತೆರೆದೆ. ಮೊಳದುದ್ದದ ಎಂಜಿನ್, ಆದರೆ ಖರೇ ಬೆಂಕಿ, ಖರೇ ಉಗಿ! ನೀರಿನ ಟಾಕಿ ಹಾವೇರಿ, ಬಟ್ಟೆ ಒಣಹಾಕುವ ಕಂಬ ಬ್ಯಾಡಗಿ, ಮೆಟ್ಟಿಲ ಬಾಗಿಲು ರಾಣೇಬೆನ್ನೂರು. ದೇವರಗುಡ್ಡಕ್ಕೂ ಒಂದು ನಿಲ್ದಾಣ ಕೊಡುವ ಆಸೆಯಿತ್ತು. ಆದರೆ ಅಲ್ಲಿ ಹೆಂಡತಿ ಗಿರಿಜಾಳ ಹಪ್ಪಳ ಒಣಗುತ್ತಿದ್ದವು.

ಹಪ್ಪಳದ ಮಟ್ಟಿಗೆ ಗಿರಿಜಾ ಸುಮ್ಮನಿದ್ದಳು. ಬ್ಯಾಡಗಿಯಲ್ಲಿ ವ್ಯಾಪಾರ ಮಾಡುವ ಅವಳ ತಮ್ಮ ಬಸು ವರ್ಷದ ಮೆಣಸಿನಕಾಯಿ ತಂದು ಇಳಿಸಿದಾಗ ಸಿಡಿದಳು. "ಇವನ್ನ ಎಲ್ಲಿ ಒಣಗಸ್ಲಿ? ನಿಮ್ಮ ತಲಿ ಮ್ಯಾಲ?"

ಬಸು ತನ್ನ ಮಕ್ಕಳಿಗೆಂದು ಕೊಂಡಿದ್ದ, ರಿಮೋಟಿನಿಂದ ಓಡುವ ಆಟಿಕೆ ಡೀಸೆಲ್ ಎಂಜಿನ್ ತೋರಿಸಿ ನಕ್ಕ. "ಮಾಮಾ, ಉಗಿ ಕಾಲ ಮುಗೀತ್ರಿ."

ನನಗೆ ಮೈಯೆಲ್ಲ ಉರಿಯಿತು. ಪಂದ್ಯ ಅಲ್ಲೇ ಗೊತ್ತಾಯಿತು: ಮುಂದಿನ ರವಿವಾರ ಎರಡು ಸುತ್ತು. ನಾನು ಗೆದ್ದರೆ ರೈಲ್ವೆ ಉಳಿಯಿತು. ಸೋತರೆ ಮಾಳಿಗೆ ಮೆಣಸಿನಕಾಯಿಗೆ.

ಆ ವಾರ ನನಗೆ ಊಟ ಬೇಡ, ನಿದ್ದೆ ಬೇಡ. ಶಾಖ ಸೋರದಂತೆ ಬಾಯ್ಲರಿಗೆ ಕಂಬಳಿ ತುಂಡು ಹೊದಿಸಿದೆ. ಚಿಮಣಿಯ ಬಾಯಿ ಅಗಲ ಮಾಡಿದೆ. ಒಳಗೆ ಹೋಗುವ ನೀರನ್ನು ಹೊಗೆಯ ಶಾಖದಲ್ಲೇ ಮೊದಲು ಕಾಯಿಸುವ ಕೊಳವೆ ಕೂಡಿಸಿದೆ. ಅಬ್ಬಬ್ಬಾ, ಏನು ಓಟ! ಆದರೂ ಇದ್ದಿಲು ಹೊತ್ತಿಕೊಳ್ಳುವುದೇ ನಿಧಾನ. ರವಿವಾರ ಬೆಳಿಗ್ಗೆ ಬೇರೆ ಉರುವಲು ಹುಡುಕುತ್ತಿದ್ದವನ ಕಣ್ಣಿಗೆ, ಗಿರಿಜಾ ಮೆಣಸಿನಕಾಯಿಯಿಂದ ಮುರಿದು ಹಾಕಿದ್ದ ತೊಟ್ಟಿನ ರಾಶಿ ಬಿತ್ತು. ಗರಿಗರಿ ಒಣಗಿದ್ದವು! ಕುಣಿದಾಡಿಬಿಟ್ಟೆ. ಎಂಜಿನ್ನಿನ ಒಲೆಯಲ್ಲಿ ಇದ್ದಿಲ ಮೇಲೆ ತುಂಬ ತುರುಕಿದೆ.

ಪಂದ್ಯ ಸುರುವಾಯಿತು. ಮೊದಲ ಸುತ್ತಿನಲ್ಲಿ ಡೀಸೆಲ್ ಮುಂದು. ಎರಡನೆಯದಕ್ಕೆ ತೊಟ್ಟು ಧಗ್ಗನೆ ಹೊತ್ತಿಕೊಂಡವು ನೋಡಿ, ನನ್ನ ಎಂಜಿನ್ ಹಾವೇರಿ ಬಿಟ್ಟದ್ದೇ ಹಾರಿತು! ಬ್ಯಾಡಗಿಯ ಹತ್ತಿರ ಡೀಸೆಲ್ಲಿನ ಸರಿಸಮ! ಅಷ್ಟರಲ್ಲಿ ಘಾಟು ಎದ್ದಿತು.

"ಏನ್ ಸುಟ್ಟೀರಿ? ಅಯ್ಯ ಶಿವನ, ಏನ್ ಸುಟ್ಟೀರಿ?" ಎಂದು ಕೆಮ್ಮುತ್ತ ಗಿರಿಜಾ ಕೆಳಗೋಡಿದಳು. ಸೀನುತ್ತ, ರಿಮೋಟು ಹಿಡಿದುಕೊಂಡೇ ಬಸುವೂ ಓಡಿದ. ಪಕ್ಕದ ಮನೆಯವರು ಧಡ್ಡನೆ ಕಿಟಕಿ ಮುಚ್ಚಿಕೊಂಡರು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ನನಗೆ ಒಲೆ ಉರಿಯುವಾಗಲೂ ಬರಲಿಲ್ಲ. ಕಣ್ಣು ಬಿಡಲಾಗದೆ, ಮೂಗು ಹಿಡಿದುಕೊಂಡು ಅಲ್ಲೇ ನಿಂತೆ. ಡೀಸೆಲ್ಲಿನ ಗುಂಯ್ ನಿಂತಿತು. ಝಕ್ ಝಕ್ ಮಾತ್ರ ಕಾಲ ಹತ್ತಿರವೇ ಹಾದು ಹೋಯಿತು.

"ಗೆದ್ದೇನಿ!" ಎಂದು ಕೂಗುತ್ತ, ಗೋಡೆ ತಡವರಿಸುತ್ತ ಕೆಳಗಿಳಿದೆ.

ಅಂಗಳದಲ್ಲಿ ಕಣ್ಣಿಗೆ ನೀರು ಹಾಕಿಕೊಳ್ಳುತ್ತಿದ್ದ ಗಿರಿಜಾ ಒಂದೇ ಮಾತು ಕೇಳಿದಳು. "ನೀವು ನೋಡೀರೇನು?"

ಕಣ್ಣಾರೆ ನೋಡದೆ ಪ್ರಯೋಗದ ಫಲಿತಾಂಶ ಬರೆದ ಹುಡುಗರಿಗೆಲ್ಲ ಬದುಕಿಡೀ ಸೊನ್ನೆ ಸುತ್ತಿದವನು ನಾನು. ಸಂಜೆಯ ಹೊತ್ತಿಗೆ ಹಳಿ ಬಿಚ್ಚಿ ಕೆಳಗಿಳಿಸಿದೆ.